ಧ್ವನಿಯೂ ಒಂದು ಹಸ್ತಪ್ರತಿ

ಐಚ್ಛಿಕ ಕನ್ನಡವನ್ನು ಆಯ್ದುಕೊಂಡ ವಿದ್ಯಾರ್ಥಿಗೆ ಗ್ರಂಥಸಂಪಾದನೆಯ ಮೊದಲ ಪಾಠದಲ್ಲಿಯೇ ಒಂದು ಬಗೆಯ ಧೈರ್ಯ ದೊರೆಯುತ್ತದೆ. ಓಲೆಗರಿಯ ಅಂಚು ಮುರಿದಿರಲಿ, ಹುಳು ತಿಂದಿರಲಿ, ಲಿಪಿಕಾರನು ಒಂದು ಸಾಲನ್ನೇ ಹಾರಿಸಿ ಬರೆದಿರಲಿ, 'ಪ್ರತಿ ಕೆಟ್ಟಿದೆ' ಎಂದು ಕಟ್ಟಿಟ್ಟು ಏಳುವವನು ಸಂಪಾದಕನಲ್ಲ ಎಂದು ಆತನಿಗೆ ತಿಳಿಯುತ್ತದೆ. ಎಲ್ಲಿ ಕೆಟ್ಟಿದೆ, ಯಾವ ಹಂತದಲ್ಲಿ ಕೆಟ್ಟಿತು, ಉಳಿದಿರುವುದೆಷ್ಟು ಎಂದು ಕೇಳುವುದರಿಂದಲೇ ಸಂಪಾದನೆ ಆರಂಭವಾಗುತ್ತದೆ. ಆದರೆ ಅದೇ ವಿದ್ಯಾರ್ಥಿ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡು ಬಂದ ಒಂದು ಬೀಸುವ ಪದವನ್ನು ವಿಭಾಗದ ಕಂಪ್ಯೂಟರಿನಲ್ಲಿ ಕೇಳಿಸಲು ಹೋದಾಗ, ತಂತ್ರಾಂಶ ನಡುವೆಯೇ ಮುಚ್ಚಿಕೊಂಡರೆ, ಆ ಧೈರ್ಯ ಎಲ್ಲಿಯೋ ಅಡಗುತ್ತದೆ. "ಹ್ಯಾಂಗ್ ಆಗ್ಯಾದ್ರಿ ಸರ್" ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಕಡತವನ್ನು ಅಳಿಸಿ ಹಾಕುವುದು, ಇಲ್ಲವೆ ಅದರ ಬದಲು ನೆನಪಿನಿಂದ ಹಾಡನ್ನು ಬರೆದು ಸಲ್ಲಿಸುವುದು ಮುಂದಿನ ಹೆಜ್ಜೆ.

ಈ ಎರಡು ವರ್ತನೆಗಳ ನಡುವಿನ ಅಂತರವನ್ನು ನಾವು ಒಪ್ಪಿಕೊಳ್ಳಬಾರದು ಎಂಬುದು ಈ ಲೇಖನದ ವಾದ. ಧ್ವನಿಮುದ್ರಣವೂ ಒಂದು ಹಸ್ತಪ್ರತಿ. ಅದಕ್ಕೂ ಮೂಲವುಂಟು, ಪ್ರತಿಗಳುಂಟು, ಪ್ರತಿ ಮಾಡುವಾಗ ಸೇರುವ ದೋಷಗಳುಂಟು. ಆ ದೋಷಗಳನ್ನು ಗುರುತಿಸಿ ಬಗೆಹರಿಸುವ ಅರಿವು ಕಂಪ್ಯೂಟರ್ ಅಂಗಡಿಯವರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಸಂಗತಿಯಲ್ಲ. ಅದು ಕನ್ನಡ ಅಧ್ಯಯನದ ಒಂದು ಅಂಗ. ನಮ್ಮ ಪ್ರದೇಶದ ಮಟ್ಟಿಗಂತೂ ಅದು ಅನಿವಾರ್ಯ ಅಂಗ.

'ನಮ್ಮ ಪ್ರದೇಶದ ಮಟ್ಟಿಗೆ' ಎಂದು ಒತ್ತಿ ಹೇಳಲು ಕಾರಣವಿದೆ. ನಾರ್ವ, ಮಕ್ತಲ್, ಮಾಗನೂರು, ಕೃಷ್ಣಾ ಮಂಡಲಗಳ ಊರುಗಳಲ್ಲಿ, ಹೊಳೆಯಾಚೆಯ ಗದ್ವಾಲದಲ್ಲಿ ಕನ್ನಡವು ಬಹುಮಟ್ಟಿಗೆ ಬಾಯಿಮಾತಿನ ಭಾಷೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ಅದೇ ಜಿಲ್ಲೆಯ ತಾಲೂಕುಗಳಾಗಿದ್ದ ಗದ್ವಾಲ ಮತ್ತು ಅಲಂಪುರ ಮಾತ್ರ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಹೋದವು. ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್, ನಾರಾಯಣಪೇಟೆಗಳೂ ಆ ಕಡೆಯೇ ಉಳಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಕಚೇರಿಯ ಹಲಗೆಗಳು ಹೀಗೆ ಮತ್ತೆ ಮತ್ತೆ ಬದಲಾಗುತ್ತಿದ್ದರೂ ಹಂತಿಯ ಪದ, ಸೋಬಾನದ ಪದ, ಮೊಹರಂ ಕಾಲದ ಅಲಾಯಿ ಪದಗಳು ಅಜ್ಜಿಯರ, ಮುತ್ಯಾಗಳ ಬಾಯಲ್ಲಿ ಉಳಿದುಕೊಂಡು ಬಂದವು. ಇವುಗಳಿಗೆ ತಾಮ್ರಪಟವಿಲ್ಲ, ಓಲೆಗರಿಯಿಲ್ಲ, ಅಚ್ಚಾದ ಪುಸ್ತಕವೂ ಅಪರೂಪ. ನಿಮ್ಮಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ಹಿಡಿದಿಟ್ಟ ಇಪ್ಪತ್ತು ನಿಮಿಷದ ಕಡತವೇ ಅವುಗಳ ಏಕೈಕ ಪ್ರತಿಯಾಗಿರಬಹುದು. ಏಕೈಕ ಪ್ರತಿಯ ಬೆಲೆಯೇನೆಂದು ಗ್ರಂಥಸಂಪಾದನೆಯನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಕಾರಣ ಭಾಷಾಶಾಸ್ತ್ರದ್ದು. ಮರಾಠಿ ಮತ್ತು ಕನ್ನಡ ಎರಡೂ ಬಾಲಬೋಧೆಗಳನ್ನು ತಿದ್ದಿ ಬೆಳೆದ ನನ್ನಂಥವರಿಗೆ ಒಂದು ಸಂಗತಿ ಚಿಕ್ಕಂದಿನಲ್ಲಿಯೇ ಕಿವಿಗೆ ಬಿದ್ದಿರುತ್ತದೆ. ಮರಾಠಿಯಲ್ಲಿ 'ಚಾರ್' ಎಂದರೆ ನಾಲ್ಕು, 'ಚಾಕ್' ಎಂದರೆ ಗಾಲಿ. ಎರಡಕ್ಕೂ ಬರೆಯುವ ಚಕಾರ ಒಂದೇ. ಆದರೆ ಮೊದಲನೆಯದರ ಉಚ್ಚಾರ ನಮ್ಮ ಚಕಾರದಂತೆ. ಎರಡನೆಯದರಲ್ಲಿ ನಾಲಿಗೆ ಹಲ್ಲಿನ ಹಿಂಬದಿಗೆ ತಾಗಿ 'ತ್ಸ' ಎಂಬಂತೆ ಹೊರಡುತ್ತದೆ. ತೆಲುಗಿನಲ್ಲಿಯೂ ಈ ಎರಡು ಉಚ್ಚಾರಗಳುಂಟು. ಹಾಗಾದರೆ ಒಂದು ಕಡೆ ತೆಲುಗನ್ನೂ, ನಾರಾಯಣಪೇಟೆಯ ಕಡೆ ಮರಾಠಿಯನ್ನೂ ನೆರೆಯಾಗಿ ಹೊಂದಿರುವ ಇಲ್ಲಿನ ಕನ್ನಡಿಗರ ಬಾಯಲ್ಲಿ ಚಕಾರ ಹೇಗಿದೆ? ಯಾವ ಪದಗಳಲ್ಲಿ, ಯಾವ ವಯಸ್ಸಿನವರಲ್ಲಿ, ಯಾವ ಓಣಿಯವರಲ್ಲಿ? ಲಿಪಿ ಈ ಪ್ರಶ್ನೆಗೆ ಉತ್ತರ ಕೊಡಲಾರದು. ನೀವು ಬರೆದುಕೊಂಡು ಬಂದ ಟಿಪ್ಪಣಿ ಪುಸ್ತಕವೂ ಕೊಡಲಾರದು, ಏಕೆಂದರೆ ಬರೆಯುವಾಗ ನಿಮ್ಮ ಕೈ ಎರಡನ್ನೂ ಒಂದೇ ಅಕ್ಷರವಾಗಿಸಿರುತ್ತದೆ. ಉತ್ತರವಿರುವುದು ಧ್ವನಿಯಲ್ಲಿ ಮಾತ್ರ. ಆ ಧ್ವನಿ ಎಂಥ ಸ್ಥಿತಿಯಲ್ಲಿದೆ ಎಂದು ತಿಳಿಯದೆ ಅದನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ.

ಧ್ವನಿಯನ್ನು ಕಾಪಾಡಿಕೊಂಡವರಿಗೆ ಏನು ದಕ್ಕಿತು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ಕರ್ನಾಟಕ ಮತ್ತು ಕೇರಳದಲ್ಲಿ ಸಂಚರಿಸಿ ಹಾಡು, ಕುಣಿತಗಳನ್ನು ದಾಖಲಿಸಿದರು. ಅದಾದ 46 ವರ್ಷಗಳ ಮೇಲೆ, 1984ರಲ್ಲಿ, ನಾಜಿರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಗಳನ್ನು ಹಿಡಿದುಕೊಂಡು ಅದೇ ದಾರಿಯಲ್ಲಿ ಮರುಪಯಣ ಕೈಗೊಂಡರು. ಹಾಡು ಎಷ್ಟು ಉಳಿದಿದೆ, ಎಷ್ಟು ಮಾರ್ಪಟ್ಟಿದೆ ಎಂದು ಹೋಲಿಸಿ ನೋಡಿದರು. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ ತುಳುನಾಡಿನ ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡಿತು. ವಿವೇಕ ರೈ, ಚಿನ್ನಪ್ಪ ಗೌಡರ ಸಹಭಾಗಿತ್ವದಲ್ಲಿ ಅದರ 15,683 ಸಾಲುಗಳ ಪಠ್ಯ ಅಚ್ಚಾದದ್ದು 1998ರಲ್ಲಿ. ನಡುವಿನ ಎಂಟು ವರ್ಷ ಆ ಸುರುಳಿಗಳು ಕೆಡದೆ ಉಳಿದದ್ದರಿಂದಲೇ, ಮತ್ತೆ ಮತ್ತೆ ಕೇಳಿ ಬರೆದುಕೊಳ್ಳಲು ಸಾಧ್ಯವಾದದ್ದರಿಂದಲೇ, ಆ ಸಂಪುಟಗಳು ನಮ್ಮ ಕೈಸೇರಿದವು. ಸುರುಳಿ ಕೆಟ್ಟಿದ್ದರೆ ಉಳಿಯುತ್ತಿದ್ದುದು ಕಥಾಸಾರ ಮಾತ್ರ.

ಇನ್ನು ಕೆಲಸದ ಮಾತಿಗೆ ಬರೋಣ. ಧ್ವನಿ ಕೇಳಿಸದಿದ್ದಾಗ ಮೊದಲು ಮಾಡಬೇಕಾದದ್ದು ದೋಷದ ನೆಲೆಯನ್ನು ಹುಡುಕುವುದು. ನಾಲ್ಕು ನೆಲೆಗಳಿರುತ್ತವೆ: ಕಡತ, ಅದನ್ನು ತೆರೆಯುವ ತಂತ್ರಾಂಶ, ಕಂಪ್ಯೂಟರಿನ ಧ್ವನಿವ್ಯವಸ್ಥೆ, ಕೊನೆಯಲ್ಲಿ ಸ್ಪೀಕರು ಅಥವಾ ಹೆಡ್‌ಫೋನಿನ ತಂತಿ. ಇವನ್ನು ಬೇರ್ಪಡಿಸಲು ಪಾಠತೌಲನದ ಕ್ರಮವೇ ಸಾಕು. ಅದೇ ಕಡತವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆಯಿರಿ. ಬೇರೊಂದು ಕಡತವನ್ನು ಅದೇ ತಂತ್ರಾಂಶದಲ್ಲಿ ತೆರೆಯಿರಿ. ಮೊದಲನೆಯದು ಕೇಳಿಸಿದರೆ ದೋಷ ತಂತ್ರಾಂಶದ ಕಡೆಗೆ. ಎರಡನೆಯದು ಮಾತ್ರ ಕೇಳಿಸಿದರೆ ದೋಷ ಕಡತದ ಕಡೆಗೆ. ಯಾವುದೂ ಕೇಳಿಸದಿದ್ದರೆ ಕಂಪ್ಯೂಟರು ಇಲ್ಲವೆ ತಂತಿಯ ಕಡೆಗೆ. ಪರದೆಯ ಮೇಲೆ ಧ್ವನಿಮಟ್ಟದ ಪಟ್ಟಿ ಕುಣಿಯುತ್ತಿದ್ದು ಕಿವಿಗೆ ಏನೂ ಬೀಳದಿದ್ದರೆ ಧ್ವನಿ ಬೇರೆ ದಾರಿ ಹಿಡಿದಿದೆ ಎಂದರ್ಥ. ಹಲವು ಸಲ ವಿಂಡೋಸ್ ಧ್ವನಿಯನ್ನು ಹೆಡ್‌ಫೋನಿನ ಬದಲು ಮಾನಿಟರಿಗೆ ಕಳುಹಿಸುತ್ತಿರುತ್ತದೆ. ಧ್ವನಿಯ ಸೆಟ್ಟಿಂಗಿನಲ್ಲಿ ಸಾಧನವನ್ನು ಬದಲಿಸಿದರೆ ಸಾಕು. ತಂತ್ರಾಂಶವನ್ನು ತೆರೆದ ಮೇಲೆ ಹೆಡ್‌ಫೋನ್ ಚುಚ್ಚಿದ್ದರೆ ಅದು ಗೋಚರಿಸದೆಯೂ ಇರಬಹುದು. ಆಗ ಸಾಧನಗಳನ್ನು ಮತ್ತೊಮ್ಮೆ ಹುಡುಕಿಸಬೇಕು, ಅಥವಾ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಧ್ವನಿಯ ಅಲೆಯ ಚಿತ್ರವೇ ಚಪ್ಪಟೆ ಗೆರೆಯಾಗಿದ್ದರೆ ಮಾತ್ರ ಕಡತದಲ್ಲಿ ಧ್ವನಿಯಿಲ್ಲವೆಂದು ತಿಳಿಯಬೇಕು.

ತಂತ್ರಾಂಶ ಹಠಾತ್ತನೆ ಮುಚ್ಚಿಕೊಳ್ಳುವ ತೊಂದರೆಗೆ ಬರೋಣ. ನಮ್ಮಂಥ ವಿಭಾಗಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಡಾಮಿನಿಕ್ ಮಝೋನಿ ಮತ್ತು ರಾಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ ಈ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಇದರ ಕಾರ್ಯರೀತಿಯನ್ನು ಅರಿತರೆ ಅರ್ಧ ತೊಂದರೆಗಳು ಅರ್ಥವಾಗುತ್ತವೆ. ಒಂದು ಗಂಟೆಯ ಎಂಪಿ3 ಕಡತ, ಸೆಕೆಂಡಿಗೆ 128 ಕಿಲೋಬಿಟ್‌ನಂತೆ, ಸುಮಾರು 58 ಮೆಗಾಬೈಟ್ ಇರುತ್ತದೆ. ಅದನ್ನು ತಿದ್ದಲು ತೆರೆದಾಗ ತಂತ್ರಾಂಶ ಆ ಗಂಟನ್ನು ಪೂರ್ತಿ ಬಿಚ್ಚಿ ಹರಡುತ್ತದೆ: ಸೆಕೆಂಡಿಗೆ 44,100 ಮಾದರಿಗಳು, ಪ್ರತಿಯೊಂದಕ್ಕೆ 4 ಬೈಟ್, ಎಡಬಲ ಎರಡು ಧಾರೆಗಳು. ಲೆಕ್ಕ ಹಾಕಿದರೆ ಗಂಟೆಗೆ 1.2 ಗಿಗಾಬೈಟಿಗೂ ಹೆಚ್ಚು. ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಲು ಹಳೆಯ ರೂಪವನ್ನೂ ಅದು ಉಳಿಸಿಕೊಳ್ಳುವುದರಿಂದ ಈ ಮೊತ್ತ ಬೆಳೆಯುತ್ತಲೇ ಹೋಗುತ್ತದೆ. ಸಿ ಡ್ರೈವಿನಲ್ಲಿ ಜಾಗ ತೀರಿದೊಡನೆ ತಂತ್ರಾಂಶ ಕುಸಿಯುತ್ತದೆ. 'ಬರಿಯ 58 ಮೆಗಾಬೈಟಿನ ಹಾಡು, ಅದಕ್ಕೇ ಹ್ಯಾಂಗ್ ಆಯಿತು' ಎಂಬ ಬೆರಗಿಗೆ ಉತ್ತರ ಇಷ್ಟೇ. ತೆರೆಯುವ ಮೊದಲು ಜಾಗ ನೋಡಿಕೊಳ್ಳುವುದು, ಉದ್ದದ ಮುದ್ರಣವನ್ನು ಹಾಡಿಗೊಂದರಂತೆ ವಿಂಗಡಿಸಿಕೊಂಡು ಕೆಲಸ ಮಾಡುವುದು ಇದಕ್ಕೆ ಪರಿಹಾರ.

ಕುಸಿದ ಮೇಲೆ ಏನು ಮಾಡಬೇಕೆಂಬುದು ಇನ್ನೂ ಮುಖ್ಯ. ಆಡಾಸಿಟಿಯನ್ನು ಮತ್ತೆ ತೆರೆದಾಗ ಅದು ಉಳಿಸದೆ ಹೋದ ಕೆಲಸಗಳ ಪಟ್ಟಿಯನ್ನು ಮುಂದಿಟ್ಟು, ಇವನ್ನು ಮರಳಿ ಪಡೆಯಲೋ ತೊರೆಯಲೋ ಎಂದು ಕೇಳುತ್ತದೆ. ಗಾಬರಿಯಲ್ಲಿರುವ ವಿದ್ಯಾರ್ಥಿ ಆ ಫಲಕವನ್ನು ಓದದೆ, ಅಡ್ಡ ಬಂದದ್ದನ್ನು ಸರಿಸುವಂತೆ, ತೊರೆಯುವ ಗುಂಡಿಯನ್ನೇ ಒತ್ತುತ್ತಾನೆ. ಎರಡು ಗಂಟೆಯ ಕೆಲಸ ಕಳೆದುಹೋಗುವುದು ಆ ಗಳಿಗೆಯಲ್ಲಿ; ಕಂಪ್ಯೂಟರ್ ನಿಂತ ಗಳಿಗೆಯಲ್ಲಲ್ಲ. ಕೆಟ್ಟ ಪ್ರತಿಯ ಮುಂದೆ ಕುಳಿತಾಗ ಮೊದಲ ನಿಯಮ ಆತುರಪಡದಿರುವುದು. ಪರದೆ ಏನು ಹೇಳುತ್ತಿದೆಯೋ ಅದನ್ನು ಪೂರ್ತಿ ಓದಿ, ಅಕ್ಷರಶಃ ಬರೆದುಕೊಂಡು, ಆಮೇಲೆ ಗುಂಡಿಗೆ ಕೈ ಹಾಕಬೇಕು.

ಯೋಜನಾ ಕಡತಕ್ಕೂ ಧ್ವನಿ ಕಡತಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಗೆ ಮುಂಚೆ ಆಡಾಸಿಟಿ ಒಂದು ಪುಟ್ಟ ಯೋಜನಾ ಕಡತವನ್ನೂ ಅದರ ಪಕ್ಕದಲ್ಲಿ ಧ್ವನಿಯ ತುಣುಕುಗಳು ತುಂಬಿದ ಒಂದು ಫೋಲ್ಡರನ್ನೂ ಸೃಷ್ಟಿಸುತ್ತಿತ್ತು. ಪುಟ್ಟದು ಕೇವಲ ಅನುಕ್ರಮಣಿಕೆ, ಗರಿಗಳೆಲ್ಲ ಫೋಲ್ಡರಿನಲ್ಲಿ. ಹಳೆಯ ವಿದ್ಯಾರ್ಥಿಗಳ ಪೆನ್‌ಡ್ರೈವ್‌ಗಳಲ್ಲಿ ಅನುಕ್ರಮಣಿಕೆ ಮಾತ್ರ ಉಳಿದು ಗರಿಗಳು ಇಲ್ಲದಿರುವುದನ್ನು ಕಾಣಬಹುದು. 3.0ರ ನಂತರ ಎಲ್ಲವೂ ಒಂದೇ ಕಡತದೊಳಗೆ ಸೇರಿದೆ. ಆದರೂ ಅದು ತಿದ್ದುವವನ ಮೇಜು. ಓದುಗರಿಗೆ ಕೊಡುವ ಪುಸ್ತಕವಲ್ಲ. ಕೆಲಸ ಮುಗಿದ ಮೇಲೆ ಎಕ್ಸ್‌ಪೋರ್ಟ್ ಮಾಡಿ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಧ್ವನಿಯನ್ನು ಹೊರತೆಗೆದಿಡಬೇಕು. ಈ ಎರಡೂ ರೂಪಗಳು ಧ್ವನಿಯ ಯಾವ ಅಂಶವನ್ನೂ ತೊರೆಯುವುದಿಲ್ಲ. ಎಂಪಿ3 ಕಿವಿಗೆ ಅಷ್ಟಾಗಿ ತಿಳಿಯದೆಂದು ಭಾವಿಸಿದ ಅಂಶಗಳನ್ನು ತೊರೆದೇ ಚಿಕ್ಕದಾಗುತ್ತದೆ.

ಇನ್ನು ಕೇಳುವಾಗ ಬರುವ ದೋಷಗಳು. ಇವನ್ನು ನಮ್ಮದೇ ಪರಿಭಾಷೆಯಿಂದ ಕರೆಯಬಹುದು. ಲಿಪಿಕಾರನು ಅಕ್ಷರ ಬಿಟ್ಟರೆ ಲೋಪ, ಬರೆದದ್ದನ್ನೇ ಬರೆದರೆ ಪುನರುಕ್ತಿ, ಇಲ್ಲದ್ದನ್ನು ಸೇರಿಸಿದರೆ ಪ್ರಕ್ಷೇಪ. ಕಂಪ್ಯೂಟರೂ ಈ ಮೂರನ್ನು ಮಾಡುತ್ತದೆ. ಅದು ಧ್ವನಿಯನ್ನು ಒಟ್ಟಿಗೆ ನುಡಿಸುವುದಿಲ್ಲ; ಸಣ್ಣ ಸಣ್ಣ ಬೊಗಸೆಗಳಲ್ಲಿ ಮೊಗೆದು ನುಡಿಸುತ್ತದೆ. ಮುಂದಿನ ಬೊಗಸೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ನಡುವೆ ತೆರಪಾಗುತ್ತದೆ: ಇದು ಲೋಪ. ಹಳೆಯ ಬೊಗಸೆಯೇ ಮತ್ತೆ ಮತ್ತೆ ನುಡಿದರೆ ಪುನರುಕ್ತಿ. ತೆರಪಿನ ಅಂಚುಗಳಲ್ಲಿ ಹುಟ್ಟುವ ಚಟಪಟ ಸದ್ದು ಪ್ರಕ್ಷೇಪ. ನಿಧಾನಗತಿಯ ಪೆನ್‌ಡ್ರೈವಿನಿಂದ ನೇರವಾಗಿ ನುಡಿಸುವುದು, ಹಿನ್ನೆಲೆಯಲ್ಲಿ ಹತ್ತಾರು ಕಾರ್ಯಕ್ರಮಗಳು ತೆರೆದಿರುವುದು ಇದಕ್ಕೆ ಸಾಮಾನ್ಯ ಕಾರಣ. ಕಡತವನ್ನು ಕಂಪ್ಯೂಟರಿನ ಡಿಸ್ಕಿಗೆ ಇಳಿಸಿಕೊಂಡು, ಉಳಿದದ್ದನ್ನು ಮುಚ್ಚಿ ಕೇಳಬೇಕು. ಆಗಲೂ ತೊಂದರೆಯಾದರೆ ತಂತ್ರಾಂಶದ ಸೆಟ್ಟಿಂಗಿನಲ್ಲಿ ಆ ಬೊಗಸೆಯ, ಎಂದರೆ ಬಫರಿನ, ಅಳತೆಯನ್ನು ಹಿಗ್ಗಿಸಬೇಕು. ಇದನ್ನು ಕಡೆಗಣಿಸುವಂತಿಲ್ಲ. ನಮ್ಮ ಭಾಷೆಯಲ್ಲಿ 'ಕತೆ'ಗೂ 'ಕತ್ತೆ'ಗೂ, 'ಹಳಿ'ಗೂ 'ಹಳ್ಳಿ'ಗೂ ಇರುವ ಭೇದ ಕಾಲಪ್ರಮಾಣದ್ದು. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತೆರಪು ಒತ್ತಕ್ಷರವನ್ನು ನುಂಗಬಲ್ಲದು, ಇಲ್ಲದ ಒತ್ತಕ್ಷರವನ್ನು ಹುಟ್ಟಿಸಬಲ್ಲದು. ಈ ಕಡೆಯ ಮಾತಿನಲ್ಲಿ 'ಬಂದಾನ' ಎಂಬುದು ಹೇಳಿಕೆ. ಕೊನೆಯ ಸ್ವರ ಎಳೆದು ಏರಿದರೆ ಪ್ರಶ್ನೆ. ತೆರಪು ಆ ಕೊನೆಯ ಸ್ವರದ ಮೇಲೆಯೇ ಬಿದ್ದರೆ ನಿಮ್ಮ ಪ್ರಬಂಧದ ವ್ಯಾಕರಣವೇ ತಲೆಕೆಳಗಾಗುತ್ತದೆ.

ವೇಗದ ದೋಷ ಇದಕ್ಕಿಂತ ಮೋಸದ್ದು, ಏಕೆಂದರೆ ಅದು ದೋಷವೆಂದು ಹೊಳೆಯುವುದೇ ಇಲ್ಲ. ಸೆಕೆಂಡಿಗೆ 44,100 ಮಾದರಿಗಳಂತೆ ಮುದ್ರಿಸಿದ್ದನ್ನು 48,000 ಎಂದು ತಪ್ಪಾಗಿ ಓದಿಸಿದರೆ ಹಾಡು ನೂರಕ್ಕೆ ಸುಮಾರು 9ರಷ್ಟು ಬೇಗ ಓಡುತ್ತದೆ. ಶ್ರುತಿ ಹಾರ್ಮೋನಿಯಮ್ಮಿನ ಒಂದು ಪಟ್ಟಿಗಿಂತ ಹೆಚ್ಚು ಮೇಲೇರುತ್ತದೆ. ಮುದುಕಿಯ ದನಿ ನಡುವಯಸ್ಸಿನವಳ ದನಿಯಾಗಿ ಕೇಳಿಸುತ್ತದೆ. ತತ್ವಪದದ ಧಾಟಿಯನ್ನು ಕುರಿತು ಪ್ರಬಂಧ ಬರೆಯುವವನು ಮಾದರಿ ಪ್ರಮಾಣವನ್ನು ಮೊದಲು ಪರಿಶೀಲಿಸದಿದ್ದರೆ ಆತ ವಿವರಿಸುತ್ತಿರುವುದು ಯಂತ್ರದ ಧಾಟಿಯನ್ನೇ ಹೊರತು ಹಾಡಿದವರದ್ದಲ್ಲ.

ಹಳೆಯ ಮೊಬೈಲ್‌ಗಳ ಕಡತಗಳದ್ದು ಬೇರೆಯೇ ಸಮಸ್ಯೆ. ಅವುಗಳಲ್ಲಿ ಹಲವು ಎಎಂಆರ್ ರೂಪದಲ್ಲಿ ಮುದ್ರಿಸುತ್ತಿದ್ದವು. ಈಗಿನ ಕಂಪ್ಯೂಟರಿನಲ್ಲಿ ಅವು ತೆರೆಯದಿದ್ದರೆ ಹೆಸರಿನ ಬಾಲವನ್ನು ಎಂಪಿ3 ಎಂದು ತಿದ್ದುವ ಅಭ್ಯಾಸ ನಮ್ಮಲ್ಲಿದೆ. ರಟ್ಟು ಬದಲಿಸಿದರೆ ಒಳಗಿನ ಗ್ರಂಥ ಬದಲಾಗದು. ವಿಎಲ್‌ಸಿಯಂಥ ಉಚಿತ ತಂತ್ರಾಂಶ ಅವನ್ನು ನೇರವಾಗಿ ನುಡಿಸುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಸಹಾಯಕವನ್ನು ಅಳವಡಿಸಿಕೊಂಡರೆ ಆಡಾಸಿಟಿಯೂ ತೆರೆಯುತ್ತದೆ. ಆದರೆ ತೆರೆದುಕೊಂಡಿತೆಂದು ನಂಬಿ ಕೂರುವಂತಿಲ್ಲ. ಆ ರೂಪದಲ್ಲಿ ಸೆಕೆಂಡಿಗೆ ಇರುವುದು 8,000 ಮಾದರಿಗಳು. ಮಾದರಿ ಪ್ರಮಾಣದ ಅರ್ಧಕ್ಕಿಂತ ಮೇಲಿನ ಕಂಪನಾಂಕಗಳು ದಾಖಲಾಗುವುದಿಲ್ಲವಾದ್ದರಿಂದ 4,000 ಹರ್ಟ್ಸ್‌ಗಿಂತ ಮೇಲಿನದ್ದೇನೂ ಅದರಲ್ಲಿ ಇಲ್ಲ. ಸಕಾರದ ಬಲ ಬಹುಪಾಲು ಇರುವುದು ಅಲ್ಲಿಯೇ. ಶಕಾರದ್ದು ಅದಕ್ಕಿಂತ ಕೆಳಗೆ. ಹೀಗಾಗಿ ಅಂಥ ಮುದ್ರಣವನ್ನು ಕೇಳಿ, ಹೇಳಿದವರು 'ಸಾಲಿ' ಎಂದರೋ 'ಶಾಲಿ' ಎಂದರೋ, ಚಕಾರ ನಮ್ಮದೋ 'ತ್ಸ'ಕಾರವೋ ಎಂದು ತೀರ್ಪು ಕೊಡುವುದು ದುಡುಕಾಗುತ್ತದೆ. ಅದೇ ಮುದ್ರಣ ಪದಸಂಗ್ರಹಕ್ಕೆ, ಕಥನದ ವಿನ್ಯಾಸಕ್ಕೆ ಧಾರಾಳವಾಗಿ ಸಾಕು. ಯಾವ ಪ್ರತಿ ಯಾವ ಪ್ರಶ್ನೆಗೆ ಸಾಕ್ಷಿಯಾಗಬಲ್ಲದು ಎಂಬ ವಿವೇಕವನ್ನೇ ಅಲ್ಲವೆ ನಾವು ಸಂಪಾದನಾಶಾಸ್ತ್ರದಲ್ಲಿ ಕಲಿಸುವುದು?

ಅರ್ಧಕ್ಕೆ ನಿಂತ ಮುದ್ರಣಗಳನ್ನು ಕುರಿತು ಒಂದು ಎಚ್ಚರಿಕೆ. ಹಾಡು ಮುಗಿಯುವ ಮೊದಲೇ ಮೊಬೈಲಿನ ಬ್ಯಾಟರಿ ತೀರಿದರೆ ಕಡತ ಉಳಿದರೂ ತೆರೆಯುವುದಿಲ್ಲ. ಎಂ4ಎ ಮೊದಲಾದ ರೂಪಗಳಲ್ಲಿ ಧ್ವನಿಯ ಯಾವ ತುಣುಕು ಎಲ್ಲಿದೆ ಎಂಬ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ಅದನ್ನು ಬರೆಯಲು ಯಂತ್ರಕ್ಕೆ ಅವಕಾಶವಾಗಿರುವುದಿಲ್ಲ. ದಾರ ಹರಿದ ಓಲೆಯ ಕಟ್ಟಿನಂತೆ ಗರಿಗಳೆಲ್ಲ ಇದ್ದರೂ ಕ್ರಮವಿಲ್ಲ. ಇಂಥ ಕಡತದ ಗಾತ್ರವನ್ನು ನೋಡಿ. ಅದು ಸೊನ್ನೆಯಲ್ಲದಿದ್ದರೆ ಒಳಗೆ ಧ್ವನಿ ಇರುವ ಸಂಭವವುಂಟು, ಬಲ್ಲವರು ಅದನ್ನು ಮರುಜೋಡಿಸಲೂಬಹುದು. ವೇವ್ ಕಡತವಾದರೆ ಆಡಾಸಿಟಿಯಲ್ಲಿಯೇ ಕಚ್ಚಾ ದತ್ತಾಂಶವಾಗಿ ಆಮದು ಮಾಡಿಕೊಳ್ಳುವ ದಾರಿಯಿದೆ. ಆದ್ದರಿಂದ ತೆರೆಯದ ಕಡತವನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ ಎಂಬುದನ್ನು ವಿಭಾಗದ ನಿಯಮವಾಗಿಸಬೇಕೆಂದು ನನ್ನ ಆಗ್ರಹ.

ಸ್ವಚ್ಛಗೊಳಿಸುವ ಹಂಬಲವನ್ನೂ ಹತೋಟಿಯಲ್ಲಿಡಬೇಕು. ಗದ್ದಲವನ್ನು ತಗ್ಗಿಸುವ ಸೌಲಭ್ಯ ಫ್ಯಾನಿನ ಸದ್ದನ್ನು ಕಡಿಮೆ ಮಾಡುತ್ತದೆ, ನಿಜ. ಆದರೆ ಅತಿಯಾಗಿ ಬಳಸಿದರೆ ಉಸಿರಿನಷ್ಟೇ ಮೆಲುವಾದ ಹಕಾರವನ್ನೂ, ಮಹಾಪ್ರಾಣವನ್ನೂ, ಸಕಾರದ ಅಂಚನ್ನೂ ಅದು ಗದ್ದಲವೆಂದೇ ಎಣಿಸಿ ಒರೆಸುತ್ತದೆ. ಆಮೇಲೆ 'ಈ ಭಾಗದ ಕನ್ನಡದಲ್ಲಿ ಹಕಾರ ಲೋಪವಾಗಿದೆ' ಎಂದು ಯಾರಾದರೂ ಬರೆದರೆ ಆ ಲೋಪ ಜನರದ್ದೋ ಗುಂಡಿಯದ್ದೋ ಹೇಳುವವರಾರು? ಸಂಪಾದಕನು ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿ ಮೂಲಪಾಠವನ್ನು ಹಾಗೆಯೇ ಉಳಿಸುತ್ತಾನೆ. ಪುಣೆಯ ಭಾಂಡಾರಕರ ಸಂಸ್ಥೆಯಲ್ಲಿ 1919ರಿಂದ 1966ರವರೆಗೆ ನಡೆದ ಮಹಾಭಾರತದ ಸಂಪಾದನೆಯಲ್ಲಿ ಪಠ್ಯದಿಂದ ಕೈಬಿಟ್ಟ ಪಾಠಗಳಿಗೂ ಟಿಪ್ಪಣಿಗಳಲ್ಲಿ, ಅನುಬಂಧಗಳಲ್ಲಿ ಸ್ಥಾನ ಕೊಟ್ಟರು. ಧ್ವನಿಗೂ ಅದೇ ಶಿಸ್ತು ಬೇಕು: ಮೂಲವನ್ನು ಮುಟ್ಟದಿರಿ, ಪ್ರತಿಯನ್ನು ತಿದ್ದಿ, ಏನು ತಿದ್ದಿದಿರೆಂದು ಬರೆದಿಡಿ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. 'ಸಾಹಿತ್ಯ ಓದಲು ಬಂದ ನಮಗೆ ಯಂತ್ರದ ಗೊಡವೆಯೇಕೆ, ಅದಕ್ಕೆ ತಂತ್ರಜ್ಞರಿಲ್ಲವೆ?' ಎಂಬುದು ಮೊದಲನೆಯದು. ತಂತ್ರಜ್ಞರ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಹೊಣೆ ಯಂತ್ರ ಮತ್ತೆ ನಡೆಯುವಂತೆ ಮಾಡುವುದು. ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಸ್ಥಾಪಿಸಿದರೆ ಅವರ ಮಟ್ಟಿಗೆ ಕೆಲಸ ಸರಿಯಾಯಿತು. ಅದರಲ್ಲಿದ್ದ ಒಂದು ಕಡತ ನಾರ್ವದ ಮುದುಕಿಯೊಬ್ಬಳ ಕೊನೆಯ ಹಾಡಾಗಿತ್ತೆಂಬುದು ಅವರಿಗೆ ಹೇಗೆ ತಿಳಿಯಬೇಕು? ಅದನ್ನು ಬಲ್ಲವರು ನೀವು. 'ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ, ಡೆಸ್ಕ್‌ಟಾಪ್ ಏಕೆ?' ಎಂಬುದು ಎರಡನೆಯದು. ಮೊಬೈಲು ಕೇಳಲು ಸಾಕು, ಅಧ್ಯಯನಕ್ಕೆ ಸಾಲದು. ಅಲೆಯ ಚಿತ್ರವನ್ನು ಹಿಗ್ಗಿಸಿ, ಒಂದು ಅಕ್ಷರವನ್ನು ಹತ್ತು ಸಲ ಕೇಳಿ, ಸ್ವರದ ಉದ್ದವನ್ನು ಅಳೆಯಲು ದೊಡ್ಡ ಪರದೆ, ಹೆಡ್‌ಫೋನು ಮತ್ತು ತಾಳ್ಮೆ ಬೇಕು. ಪಠ್ಯಕ್ರಮದ ಹೊರೆಯ ಮಾತು ಮೂರನೆಯದು, ಅದರಲ್ಲಿ ಸತ್ಯವಿದೆ. ಆದರೆ ನಾನು ಕೇಳುತ್ತಿರುವುದು ಹೊಸ ಪತ್ರಿಕೆಯನ್ನಲ್ಲ. ಈಗಿರುವ ಜಾನಪದ ಮತ್ತು ಗ್ರಂಥಸಂಪಾದನೆಯ ತರಗತಿಗಳಿಂದ ಸೆಮಿಸ್ಟರಿಗೆ ಎರಡು ಗಂಟೆಗಳನ್ನು.

ಆ ಎರಡು ಗಂಟೆಗಳಲ್ಲಿ ಆಗಬೇಕಾದದ್ದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಒಂದು ಮುದ್ರಣವನ್ನು ಕಂಪ್ಯೂಟರಿಗೆ ಇಳಿಸಿ, ನಾಲ್ಕು ನೆಲೆಗಳಲ್ಲಿ ದೋಷ ಹುಡುಕುವ ಕ್ರಮವನ್ನು ಕೈಯಾರೆ ಮಾಡಿ ನೋಡಬೇಕು. ಕ್ಷೇತ್ರಕಾರ್ಯದ ಪ್ರಬಂಧದೊಂದಿಗೆ ತಿದ್ದದ ಮೂಲ ಕಡತವನ್ನೂ ಒಂದು ಪುಟದ ದೋಷಟಿಪ್ಪಣಿಯನ್ನೂ ಸಲ್ಲಿಸುವುದು ಕಡ್ಡಾಯವಾಗಬೇಕು. ಯಾವ ಸಾಧನ, ಯಾವ ರೂಪ, ಎಷ್ಟು ಮಾದರಿ ಪ್ರಮಾಣ, ಎಲ್ಲಿ ತೆರಪು, ಏನು ತಿದ್ದಿದೆ ಎಂಬುದು ಅದರಲ್ಲಿರಬೇಕು. ಕಡತವನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಆಗ ಮಾತ್ರ ಮೂಲರೂಪ ಬದಲಾಗದೆ ತಲುಪುತ್ತದೆ. ಮೂರು ಪ್ರತಿಗಳಿರಬೇಕು: ಒಂದು ವಿಭಾಗದ ಕಂಪ್ಯೂಟರಿನಲ್ಲಿ, ಒಂದು ಬೇರೆಡೆ ಇಟ್ಟ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಹಾಡಿದವರ ಮನೆಯಲ್ಲಿ. ಮೂರನೆಯದು ಔದಾರ್ಯವಲ್ಲ, ಅವರ ಹಕ್ಕು. ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ 32 ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ ಗ್ರಂಥಾಗ್ರವನ್ನು ನಮೂದಿಸುವ ಪದ್ಧತಿಯಿತ್ತು. ಮುಂದಿನವರು ಎಣಿಸಿ, ಏನೂ ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ಎಸ್‌ಎಚ್‌ಎ-256 ಎಂಬ ಲೆಕ್ಕ ಇದೇ ಕೆಲಸ ಮಾಡುತ್ತದೆ: ಯಾವುದೇ ಕಡತಕ್ಕೆ 64 ಚಿಹ್ನೆಗಳ ಒಂದು ಗುರುತನ್ನು ಕೊಡುತ್ತದೆ, ಒಳಗಿನ ಒಂದು ಕಣ ಬದಲಾದರೂ ಗುರುತು ಬೇರೆಯಾಗುತ್ತದೆ. ಆ ಗುರುತನ್ನು ದೋಷಟಿಪ್ಪಣಿಯ ಕೊನೆಯಲ್ಲಿ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಬರುವ ವಿದ್ಯಾರ್ಥಿ ತನ್ನ ಕೈಯಲ್ಲಿರುವುದು ಅದೇ ಕಡತವೆಂದು ಪರೀಕ್ಷಿಸಬಲ್ಲ.

ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆಯಬೇಕೆಂಬುದು ನನ್ನ ಕೊನೆಯ ಒತ್ತಾಯ. ಕ್ಯಾಸೆಟ್ ಬಂದಾಗ ಮರಾಠಿಯವರು ಪೋರ್ಚುಗೀಸರಿಂದ ಎಂದೋ ಪಡೆದಿದ್ದ 'ಫೀತ'ವನ್ನು ಹಿಡಿದು 'ಧ್ವನಿಫೀತ' ಎಂದರು. ನಾವು 'ಧ್ವನಿಸುರುಳಿ' ಎಂದೆವು. ಎರಡೂ ಬಳಸಿದವರ ಕೈಯಲ್ಲಿ ನೆಲೆಗೊಂಡ ಮಾತುಗಳು. ಹಾಗೆಯೇ ಒಡೆದ ದನಿ, ತೆರಪು, ಚಟಪಟ, ಎಳೆತ, ಸೀಳು ಎಂದು ನೀವು ಬಳಸುತ್ತ ಹೋದರೆ ಧ್ವನಿದೋಷಗಳಿಗೂ ಕನ್ನಡದಲ್ಲಿ ಒಂದು ಪರಿಭಾಷೆ ತಾನಾಗಿ ನಿಲ್ಲುತ್ತದೆ. ದೋಷಕ್ಕೆ ಹೆಸರು ದೊರೆತಾಗ ಅದರ ಭಯ ಅರ್ಧ ಕಡಿಮೆಯಾಗುತ್ತದೆ.

ಮುಂದಿನ ರಜೆಯಲ್ಲಿ ನಿಮ್ಮಲ್ಲಿ ಹಲವರು ಮಕ್ತಲ್ ಕಡೆಗೆ, ಕೃಷ್ಣಾ ತೀರದ ಊರುಗಳಿಗೆ, ಗದ್ವಾಲಕ್ಕೆ ಹೋಗುವಿರಿ. ಹಾಡುವವರು ನಿಮಗಾಗಿ ಕೆಲಸ ಬಿಟ್ಟು ಕುಳಿತು, ಕೆಮ್ಮನ್ನು ನುಂಗಿಕೊಂಡು, ಮರೆತ ನುಡಿಯನ್ನು ನೆನಪಿಸಿಕೊಂಡು ಹಾಡುತ್ತಾರೆ. ಮರುವರ್ಷ ಅವರು ಇರಲೂಬಹುದು, ಇಲ್ಲದಿರಲೂಬಹುದು. ಅವರು ಕೊಟ್ಟದ್ದು ನಿಮ್ಮ ಕಂಪ್ಯೂಟರಿನಲ್ಲಿ ತೆರೆಯದಿದ್ದಾಗ ಅಳಿಸುವ ಗುಂಡಿಯ ಕಡೆಗೆ ಕೈ ಹೋಗದಿರಲಿ. ಪೆನ್ನು, ಕಾಗದ ಹತ್ತಿರಕ್ಕೆ ಎಳೆದುಕೊಂಡು, ಪರದೆ ಹೇಳುತ್ತಿರುವುದನ್ನು ಬರೆದುಕೊಳ್ಳಿ. ಕಡತದ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯ ಮೇಲೆ ಕೆಲಸ ಆರಂಭಿಸಿ.